ಗಾಳಿಯಲ್ಲೊಂದು ಸುತ್ತು

ಮನೆಯ ಮಗನೋ ಮಗಳೋ ವಿಮಾನ ನಡೆಸುವುದನ್ನು ಕಲಿಯುತ್ತೇನೆಂದು ಹೊರಟರೆ ಹಿರಿಯರು ಮೊದಲು ಕೇಳುವ ಮಾತು ಒಂದೇ: “ಮೇಲೆ ಗಾಳಿ ಜೋರಾಗಿ ಬೀಸಿದರೆ ಏನು ಗತಿ?” ಈ ಪ್ರಶ್ನೆಯನ್ನು ನಾವು ನಕ್ಕು ತಳ್ಳಿಹಾಕುವಂತಿಲ್ಲ. ಕಲಿಸುವವರೂ ಅದನ್ನೇ ಕೈಗೆತ್ತಿಕೊಂಡು ಒಂದು ಅಭ್ಯಾಸ ಮಾಡಿಸುತ್ತಾರೆ. ಬಯಲಿನಲ್ಲಿ ಒಂಟಿ ಮರವೊಂದನ್ನು ಗುರುತಿಟ್ಟುಕೊಂಡು, 600ರಿಂದ 1000 ಅಡಿ ಎತ್ತರದಲ್ಲಿ, ಅದರ ಸುತ್ತ ಸಮನಾದ ವೃತ್ತದಲ್ಲಿ ಹಾರುವುದೇ ಆ ಅಭ್ಯಾಸ.

ಗಾಣದ ಎತ್ತಿಗೆ ಈ ಕೆಲಸ ಸುಲಭ. ಕಟ್ಟಿದ ಮರವೇ ಅದನ್ನು ದಾರಿಯಲ್ಲಿ ಹಿಡಿದಿಡುತ್ತದೆ. ವಿಮಾನಕ್ಕೆ ಅಂಥ ಕಟ್ಟಿಲ್ಲ. ತಿರುಗಬೇಕಾದರೆ ಅದು ಒಂದು ಪಕ್ಕಕ್ಕೆ ವಾಲಬೇಕು. ಹೆಚ್ಚು ವಾಲಿದರೆ ಸುತ್ತು ಕಿರಿದು, ಕಡಿಮೆ ವಾಲಿದರೆ ಹಿರಿದು. ಗಾಳಿಯಿಲ್ಲದ ದಿನ, ಗಂಟೆಗೆ 150 ಕಿಲೋಮೀಟರ್ ವೇಗದ ವಿಮಾನವು 24 ಡಿಗ್ರಿ ವಾಲಿಕೊಂಡೇ ಇದ್ದರೆ, 400 ಮೀಟರ್ ತ್ರಿಜ್ಯದ ವೃತ್ತವನ್ನು ಸುಮಾರು ಒಂದು ನಿಮಿಷದಲ್ಲಿ ಮುಗಿಸುತ್ತದೆ.

ಈಗ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಲಿ. ತುಂಗಭದ್ರೆಯ ಹರಿಗೋಲನ್ನು ಕಂಡವರು ಬಲ್ಲರು: ಅದು ಗಿರಗಿರನೆ ಸುತ್ತುತ್ತಲೇ ಹೊಳೆಯೊಡನೆ ಕೆಳಕ್ಕೆ ಸಾಗುತ್ತಿರುತ್ತದೆ. ವಿಮಾನದ್ದೂ ಅದೇ ಪಾಡು. ವಾಲಿದ್ದನ್ನು ಬದಲಿಸದೆ ಒಂದು ಸುತ್ತು ಮುಗಿಸಿದರೆ, ಆ ಒಂದೇ ನಿಮಿಷದಲ್ಲಿ ಅರ್ಧ ಕಿಲೋಮೀಟರ್ ದೂರ ಸರಿದಿರುತ್ತದೆ. ಮರ ಎಲ್ಲೋ, ವಿಮಾನ ಎಲ್ಲೋ!

ಉಪಾಯವೇನು? ಗಾಳಿ ಬೆನ್ನಿಗಿದ್ದಾಗ ನೆಲದ ಮೇಲಿನ ವೇಗ 180 ಆಗುತ್ತದೆ. ಆಗ 32 ಡಿಗ್ರಿಯಷ್ಟು ವಾಲಬೇಕು. ಎದುರುಗಾಳಿಯಲ್ಲಿ ವೇಗ 120ಕ್ಕೆ ಇಳಿಯುತ್ತದೆ. 16 ಡಿಗ್ರಿ ಸಾಕು. ಇವೆರಡರ ನಡುವೆ ಕ್ಷಣಕ್ಷಣಕ್ಕೂ ಸ್ವಲ್ಪಸ್ವಲ್ಪವಾಗಿ ಬದಲಿಸುತ್ತಿರಬೇಕು. ಗಾಳಿ ಅಡ್ಡ ಬೀಸುವ ಎರಡು ಪಕ್ಕಗಳಲ್ಲಿ ಮೂತಿಯನ್ನು ಗಾಳಿಯ ಕಡೆಗೆ ಹನ್ನೊಂದು ಹನ್ನೆರಡು ಡಿಗ್ರಿ ತಿರುಗಿಸಿರಬೇಕು. ಎದುರು ದಡದ ಕಟ್ಟೆಗೆ ಸೇರಲು ಅಂಬಿಗನು ದೋಣಿಯನ್ನು ಹೊಳೆಯ ಮೇಲ್ಗಡೆಗೆ ಮುಖಮಾಡಿ ನಡೆಸುವುದಿಲ್ಲವೇ, ಹಾಗೆ.

ಇದು ಬರಿಯ ಕಸರತ್ತಲ್ಲ. ಜುಹು ದಂಡೆಯಲ್ಲಿ ಅಡ್ಡಾಡಿದ ಮುಂಬಯಿಯ ನಮ್ಮವರಿಗೆ ಮಧ್ಯಾಹ್ನದ ಕಡಲಗಾಳಿ ಗೊತ್ತು. ಪಕ್ಕದಲ್ಲೇ ವಿಮಾನ ನಿಲ್ದಾಣ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಅವರು ಕರಾಚಿಯಿಂದ ಅಂಚೆ ಹೊತ್ತು ಬಂದಿಳಿದದ್ದು ಅಲ್ಲಿಯೇ. ಯಾವ ನಿಲ್ದಾಣದಲ್ಲಾದರೂ ಇಳಿಯುವ ಮುನ್ನ ಓಡುದಾರಿಯ ನೇರಕ್ಕೆ ಒಂದು ಕೊನೆಯ ತಿರುವು ಇದೆ. ಆಗ ಗಾಳಿ ಬೆನ್ನಿಗಿದ್ದರೆ ವಿಮಾನ ಆ ನೇರವನ್ನು ದಾಟಿ ಹೋಗುತ್ತದೆ. ಹೊಸಬನು ಹೆಚ್ಚು ವಾಲಲು ಹೆದರಿ, ಬಾಲದ ಚುಕ್ಕಾಣಿಯನ್ನು ಬಲವಾಗಿ ಒತ್ತಿ, ಮೂತಿಯನ್ನೂ ಮೇಲೆತ್ತಿದನೋ, ಒಂದು ರೆಕ್ಕೆ ಆಸರೆ ಕಳೆದುಕೊಂಡು ವಿಮಾನ ಸುತ್ತುತ್ತ ಬೀಳಬಹುದು. ಅಷ್ಟು ತಗ್ಗಿನಲ್ಲಿ ಸಾವರಿಸಿಕೊಳ್ಳಲು ಎಡೆಯಿಲ್ಲ.

ಅತಿಯಾಗಿ ವಾಲುವುದೂ ಅಪಾಯವೇ. ಎತ್ತರ ಬಿಡದೆ 60 ಡಿಗ್ರಿ ವಾಲಿದರೆ ರೆಕ್ಕೆಗಳ ಹೊರೆ ಇಮ್ಮಡಿಯಾಗುತ್ತದೆ. ಬೀಳದಿರಲು ಬೇಕಾದ ಕನಿಷ್ಠ ವೇಗವೂ ಶೇಕಡಾ 40ರಷ್ಟು ಏರುತ್ತದೆ. ಇನ್ನೊಂದು ಮೋಸ ಕಣ್ಣಿನದು. ಗಾಳಿ ಬೆನ್ನಿಗಿದ್ದಾಗ ಕೆಳಗಿನ ಗದ್ದೆ, ಗಿಡಮರ ಭರದಿಂದ ಹಿಂದೆ ಓಡುತ್ತವೆ. ವೇಗ ಮಿತಿಮೀರಿತೆಂದು ಬಗೆದು ಎಂಜಿನ್ ತಗ್ಗಿಸಿದರೆ ಕೆಟ್ಟಂತೆಯೇ. ರೆಕ್ಕೆಯನ್ನು ಹೊತ್ತಿರುವುದು ಗಾಳಿಯಲ್ಲಿನ ವೇಗ, ನೆಲದ ಮೇಲಿನದಲ್ಲ. ಆದುದರಿಂದ ಕಣ್ಣು ಆಗಾಗ ವೇಗಮಾಪಕಕ್ಕೆ ಮರಳಬೇಕು.

ಬಲ್ಲವರು ಸುತ್ತು ತೊಡಗುವ ಮೊದಲೇ ಒಲೆಯ ಹೊಗೆ, ಕೆರೆಯ ತೆರೆ ನೋಡಿ ಗಾಳಿಯ ದಿಕ್ಕನ್ನು ತಿಳಿಯುತ್ತಾರೆ. ಗಾಳಿಯನ್ನು ಬೆನ್ನಿಗಿಟ್ಟುಕೊಂಡೇ ವೃತ್ತವನ್ನು ಹೊಗುತ್ತಾರೆ. ಅತಿ ಹೆಚ್ಚು ವಾಲಬೇಕಾದ ಎಡೆ ಮೊದಲೇ ಮುಗಿದರೆ, ಮುಂದೆ ಎಷ್ಟು ಸಡಿಲಿಸಬೇಕೆಂಬುದು ಕೈಗೆ ತಿಳಿದುಬರುತ್ತದೆ.

ಹಿರಿಯರ ಪ್ರಶ್ನೆಗೆ ಉತ್ತರವಿಷ್ಟೇ. ಗಾಳಿ ಬೀಸಿಯೇ ಬೀಸುತ್ತದೆ. ಅದು ಎತ್ತಣಿಂದ, ಎಷ್ಟು ಎಂದು ಅರಿತವರನ್ನು ದಾರಿ ತಪ್ಪಿಸುವುದು ಅದಕ್ಕೆ ಸುಲಭವಲ್ಲ. ಮಕ್ಕಳು ಹೊರಟರೆ ಹರಸಿ ಕಳಿಸೋಣ, ರಜೆಗೆ ಬಂದಾಗ, “ಈ ಸಲ ಮರ ನಡುವಿನಲ್ಲೇ ಉಳಿಯಿತೇ?” ಎಂದು ಕೇಳುವುದನ್ನು ಮಾತ್ರ ಮರೆಯದಿರೋಣ.