ಡಾಕ್ಟರೇಟ್ ಆದ ಮೇಲೆ ಇನ್ನೂ ಏನು ಓದು?

ಮಗಳು ಜೀವರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಪದವಿ ಪಡೆದಿದ್ದಾಳೆ. ಇನ್ನೂ ಮೂರು ವರ್ಷ ನೇತ್ರರೋಗಗಳ ಸಂಶೋಧನಾಲಯವೊಂದರಲ್ಲಿ ದುಡಿಯುವೆನೆಂದು ಹೇಳುತ್ತಾಳೆ. ‘ಕಣ್ಣಿನ ಡಾಕ್ಟರೂ ಅಲ್ಲ, ಕಾಯಂ ನೌಕರಿಯೂ ಅಲ್ಲ, ಇದೆಂಥ ಓದು?’ ಎಂದು ತಾಯಿತಂದೆಗಳು ಚಿಂತಿಸುತ್ತಾರೆ. ಇಂಥ ಚಿಂತೆ ಈಗ ಅನೇಕ ಮನೆಗಳಲ್ಲಿರುವುದರಿಂದ ಆ ವಿಷಯವನ್ನು ತುಸು ಬಿಡಿಸಿ ಹೇಳಬಯಸುತ್ತೇವೆ.

ಪಿಎಚ್.ಡಿ. ಎಂಬುದು ಸಂಶೋಧನೆ ಮಾಡಲು ಕಲಿತದ್ದಕ್ಕೆ ದೊರೆಯುವ ಪ್ರಮಾಣ. ಅನಂತರ ಅನುಭವಿ ವಿಜ್ಞಾನಿಯೊಬ್ಬರ ಪ್ರಯೋಗಾಲಯದಲ್ಲಿದ್ದು, ತನ್ನದೇ ಪ್ರಶ್ನೆಯೊಂದನ್ನು ಹಿಡಿದು ಕೆಲವು ವರ್ಷ ದುಡಿಯುವುದಕ್ಕೆ ಪೋಸ್ಟ್‌ಡಾಕ್ಟರಲ್ ಸಂಶೋಧನೆ ಎನ್ನುತ್ತಾರೆ. ಇದು ಶುಲ್ಕ ತೆತ್ತು ಓದುವ ಓದಲ್ಲ. ಇದಕ್ಕೆ ವೇತನವೋ ಫೆಲೋಶಿಪ್ಪೋ ಇರುತ್ತದೆ. ನೇತ್ರರೋಗಗಳ ಜೀವವಿಜ್ಞಾನಕ್ಕೆ ವೈದ್ಯಕೀಯ ಪದವಿಯೇ ಬೇಕೆಂಬ ನಿಯಮವಿಲ್ಲ. ಕೆಲಸ ಸಿಗದವರ ಕಾಲಹರಣವೆಂದು ಇದನ್ನು ಹಗುರಾಗಿ ಕಾಣುವವರ ಮಾತನ್ನು ನಾವು ಒಪ್ಪಲಾರೆವು.

ಒಂದು ನಿದರ್ಶನ ನೋಡೋಣ. ನಮ್ಮ ಕಣ್ಣಿನ ಹಿಂಬದಿಯಲ್ಲಿ ರೆಟಿನಾ ಎಂಬ ತೆಳುಪದರವಿದೆ. ಬೆಳಕನ್ನು ಗ್ರಹಿಸುವ ಸುಮಾರು ೧೨ ಕೋಟಿ ದಂಡಕೋಶಗಳೂ ೬೦ ಲಕ್ಷ ಶಂಕುಕೋಶಗಳೂ ಅದರಲ್ಲಿವೆ. ಈ ಕೋಶಗಳಲ್ಲಿ ಎ ಜೀವಸತ್ವದಿಂದಾದ ಒಂದು ದ್ರವ್ಯವಿರುತ್ತದೆ. ಬೆಳಕು ತಾಗಿದೊಡನೆ ಅದು ರೂಪ ಬದಲಿಸುತ್ತದೆ. ಮತ್ತೆ ಕೆಲಸಕ್ಕೆ ಬರಬೇಕಾದರೆ ಮೊದಲಿನ ರೂಪಕ್ಕೆ ಮರಳಬೇಕು. ಮರಳಿಸುವ ಕಾರ್ಯ ನಡೆಯುವುದು ರೆಟಿನಾದ ಬೆನ್ನಿಗಿರುವ ವರ್ಣಕೋಶಗಳ ಪದರದಲ್ಲಿ. ಅಲ್ಲಿಯ ಆರ್‌ಪಿಇ೬೫ ಎಂಬ ಜೀನ್ ಕೆಟ್ಟಿದ್ದರೆ ಹುಟ್ಟಿದ ಮಗುವಿಗೆ ಎಣ್ಣೆ ತೀರಿದ ದೀಪದ ಸ್ಥಿತಿ. ಮಬ್ಬುಬೆಳಕಿನಲ್ಲಿ ಏನೂ ಕಾಣದು, ವರ್ಷಗಳುರುಳಿದಂತೆ ಹಗಲೂ ಇರುಳಾಗುತ್ತದೆ.

ಈ ಜೀನನ್ನು ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ನೇತ್ರ ಸಂಸ್ಥೆಯಲ್ಲಿ ಮೈಕೆಲ್ ರೆಡ್ಮಂಡ್ ಮತ್ತು ಸಂಗಡಿಗರು ೧೯೯೩ರಲ್ಲಿ ಗುರುತಿಸಿದರು. ಅದು ದೋಷಪೂರಿತವಾದರೆ ಅಂಧತ್ವ ಬರುವುದೆಂದು ೧೯೯೭ರಲ್ಲಿ ತಿಳಿಯಿತು. ದ್ರವ್ಯವನ್ನು ಮರಳಿಸುವ ಕಿಣ್ವ ಇದೇ ಎಂಬುದು ಸಿದ್ಧವಾದದ್ದು ೨೦೦೫ರಲ್ಲಿ. ವ್ಯಾಕರಣ ಕಲಿಯಲು ಹನ್ನೆರಡು ವರ್ಷ ಬೇಕೆಂಬ ಮಾತನ್ನು ನಾವು ಮಠದ ಪಾಠಶಾಲೆಯಲ್ಲಿ ಕೇಳಿ ಬೆಳೆದವರು. ಒಂದೇ ಜೀನಿನ ಕೆಲಸ ತಿಳಿಯಲೂ ಅಷ್ಟೇ ವರ್ಷ ಹಿಡಿದವು! ಈ ನಡುವೆ, ಇದೇ ದೋಷದಿಂದ ಹುಟ್ಟುಗುರುಡಾಗಿದ್ದ ಬ್ರಿಯಾರ್ಡ್ ತಳಿಯ ನಾಯಿಗಳಿಗೆ ಸರಿಯಾದ ಜೀನನ್ನು ನಿರಪಾಯಕಾರಿ ವೈರಸ್ಸಿನ ಮೂಲಕ ಕಣ್ಣೊಳಗೆ ಸೇರಿಸಿ ದೃಷ್ಟಿ ತಂದ ವಾರ್ತೆ ೨೦೦೧ರಲ್ಲಿ ಪ್ರಕಟವಾಯಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಜೀನ್ ಬೆನೆಟ್ ಮತ್ತು ಆಲ್ಬರ್ಟ್ ಮಗ್ವಾಯರ್ ದಂಪತಿಗಳು ಈ ಕಾರ್ಯದಲ್ಲಿ ಪ್ರಮುಖರು. ಮನುಷ್ಯರ ಮೇಲೆ ಪ್ರಯೋಗ ನಡೆದು, ೨೦೧೭ರ ಡಿಸೆಂಬರಿನಲ್ಲಿ ಅಮೆರಿಕ ಸರ್ಕಾರ ‘ಲಕ್ಸ್ಟರ್ನಾ’ ಎಂಬ ಈ ಚಿಕಿತ್ಸೆಗೆ ಅನುಮತಿ ನೀಡಿತು. ಜೀನು ದೊರೆತಂದಿನಿಂದ ೨೪ ವರ್ಷ! ಎರಡು ಕಣ್ಣುಗಳಿಗೆ ಆಗ ನಿಗದಿಯಾದ ಬೆಲೆ ೮ ಲಕ್ಷ ೫೦ ಸಾವಿರ ಡಾಲರ್. ಬಡವರ ಕೈಗೆಟುಕದ ಬೆಲೆಯಿದು. ನಮ್ಮ ದೇಶದಲ್ಲಿಯೇ ಸಂಶೋಧಕರು ಬೆಳೆಯಬೇಕೆಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ. ರೆಟಿನಾದ ವಂಶಪಾರಂಪರ್ಯ ರೋಗಗಳಿಗೆ ಕಾರಣವಾದ ಜೀನುಗಳು ೨೦೦ಕ್ಕೂ ಮೇಲ್ಪಟ್ಟಿವೆ. ಲಕ್ಸ್ಟರ್ನಾ ಅವುಗಳಲ್ಲಿ ಒಂದಕ್ಕೆ ಮಾತ್ರ.

ಇದು ದೂರದೇಶದ ಸಂಗತಿಯೆಂದು ಯಾರೂ ಭಾವಿಸಬಾರದು. ಈ ಬಗೆಯ ರೋಗಗಳಲ್ಲಿ ಅನೇಕವು ತಾಯಿತಂದೆ ಇಬ್ಬರಿಂದಲೂ ದೋಷವುಳ್ಳ ಜೀನು ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ನಮ್ಮ ನಾಡಿನಲ್ಲಿ ಹಳೆಯದು. ಅಂಥ ದಂಪತಿಗಳ ಮಗುವಿಗೆ ಯಾವುದೇ ಒಂದು ಜೀನು ಇಬ್ಬರ ಕಡೆಯಿಂದಲೂ ಒಂದೇ ಪೂರ್ವಿಕರಿಂದ ಬಂದಿರುವ ಸಂಭವ ಎಂಟರಲ್ಲೊಂದು ಪಾಲು. ಮನೆತನದಲ್ಲಿ ಇರುಳುಗುರುಡು ಇದ್ದವರು ಲಗ್ನ ಗೊತ್ತುಪಡಿಸುವ ಮೊದಲು ವೈದ್ಯರನ್ನು ಕೇಳುವುದು ಲೇಸು. ನಮ್ಮ ಮನೆಗಳ ಇಂಥ ದೋಷಗಳನ್ನು ಅಭ್ಯಸಿಸಲು ನಮ್ಮ ಮಕ್ಕಳೇ ಮುಂದಾದರೆ ತಡೆಯುವುದೇಕೆ?

ಅವಕಾಶಕ್ಕಾಗಿ ಕಡಲು ದಾಟಲೇಬೇಕೆಂದಿಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯ, ೧೯೮೭ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆ, ಚೆನ್ನೈನ ಶಂಕರ ನೇತ್ರಾಲಯ, ಮಧುರೆಯ ಅರವಿಂದ ನೇತ್ರಾಲಯ – ಇವೆಲ್ಲವುಗಳಲ್ಲಿ ರೋಗಿಗಳ ಜೊತೆಗೆ ಸಂಶೋಧನೆಯೂ ನಡೆಯುತ್ತದೆ. ಸಾಮಾನ್ಯವಾಗಿ ಅಭ್ಯರ್ಥಿಯು ಪ್ರಯೋಗಾಲಯದ ಮುಖ್ಯಸ್ಥರಿಗೇ ಪತ್ರ ಬರೆದು, ತನ್ನ ಪ್ರಕಟಿತ ಪ್ರಬಂಧಗಳನ್ನೂ ಗುರುಗಳ ಶಿಫಾರಸುಗಳನ್ನೂ ಕಳುಹಬೇಕು. ಕೆಲವು ಫೆಲೋಶಿಪ್ಪುಗಳಿಗೆ ಪಿಎಚ್.ಡಿ. ಆದ ಇಂತಿಷ್ಟೇ ವರ್ಷದೊಳಗೆ ಅರ್ಜಿ ಹಾಕಬೇಕಾದುದರಿಂದ ‘ಮದುವೆಯಾದ ಮೇಲೆ ನೋಡೋಣ’ ಎಂದು ಮುಂದೂಡಿದರೆ ಬಾಗಿಲು ಮುಚ್ಚಿಯೂ ಹೋಗಬಹುದು.

ಹಿರಿಯರು ಕೇಳಲೇಬೇಕಾದ ಪ್ರಶ್ನೆಗಳೂ ಇವೆ. ವೇತನ ಎಷ್ಟು ವರ್ಷಕ್ಕೆ ಖಚಿತ? ಮಾರ್ಗದರ್ಶಕರು ಶಿಷ್ಯರ ಹೆಸರಿನಲ್ಲಿ ಪ್ರಬಂಧ ಪ್ರಕಟಿಸಲು ಬಿಡುವರೇ? ಹಿಂದೆ ಅಲ್ಲಿ ದುಡಿದವರು ಈಗ ಎಲ್ಲಿದ್ದಾರೆ? ಈ ಮೂರಕ್ಕೂ ಸ್ಪಷ್ಟ ಉತ್ತರ ಬಂದರೆ ಮಗಳನ್ನು ನಿಶ್ಚಿಂತೆಯಿಂದ ಕಳುಹಿಸಿಕೊಡಿರಿ.