ಲಗೇಜಿನಲ್ಲಿ ದೋಣಿ ಇದೆ!

ಲಡಾಖ್‌ಗೆ ಹೊರಟವರು ತಮ್ಮದೇ ಬೈಕನ್ನು ರೈಲಿಗೆ ಹಾಕಿ ಕಳಿಸುತ್ತಾರೆ. ಕ್ರಿಕೆಟ್ ಆಡುವವರು ಕಿಟ್ ಬ್ಯಾಗ್ ಇಲ್ಲದೆ ಊರು ಬಿಡುವುದಿಲ್ಲ. ಕಯಾಕ್ ಹುಚ್ಚು ಹಿಡಿದವರ ಕಥೆ ಏನು? ಸಾಲಿಗ್ರಾಮದ ಹಿನ್ನೀರಿನಲ್ಲೋ ದಾಂಡೇಲಿಯ ಕಾಳಿ ನದಿಯಲ್ಲೋ ಕೈ ಪಳಗಿಸಿಕೊಂಡವರನ್ನು ಒಂದಲ್ಲ ಒಂದು ದಿನ ಋಷಿಕೇಶದ ಗಂಗೆ ಕರೆಯುತ್ತಾಳೆ. ಬೆಂಗಳೂರಿನಿಂದ ಡೆಹ್ರಾಡೂನ್‌ಗೆ ಟಿಕೆಟ್ ಸಿಗುತ್ತದೆ. ಆದರೆ ದೋಣಿ?

‘ಅಲ್ಲೇ ಬಾಡಿಗೆಗೆ ಸಿಗುತ್ತದಲ್ಲ’ ಎನ್ನುವವರಿದ್ದಾರೆ. ಹೊಸಬರಿಗೆ ಅದೇ ಸರಿ. ಆದರೆ ರಭಸದ ನೀರಿನಲ್ಲಿ ಕಯಾಕ್ ಎಂದರೆ ಕೂರುವ ದೋಣಿಯಲ್ಲ, ತೊಡುವ ದೋಣಿ. ಸೊಂಟ, ತೊಡೆ, ಪಾದ ಎಲ್ಲವೂ ಒಳಗೆ ಬಿಗಿಯಾಗಿ ಕೂತರೆ ಮಾತ್ರ ಮಗುಚಿದಾಗ ಮೈ ತಿರುಗಿಸಿ ಮೇಲೆ ಬರಲು ಸಾಧ್ಯ. ಬೇರೆಯವರ ಶೂ ಹಾಕಿಕೊಂಡು ಓಟಕ್ಕೆ ನಿಲ್ಲುವುದು ಎಷ್ಟು ಕಷ್ಟವೋ ಬೇರೆಯವರ ದೋಣಿಯಲ್ಲಿ ಸ್ಪರ್ಧೆಗೆ ಇಳಿಯುವುದೂ ಅಷ್ಟೇ ಕಷ್ಟ.

ಅಳತೆಯೇ ಮೊದಲ ಪರೀಕ್ಷೆ

ದೇಶದೊಳಗಿನ ಎಕಾನಮಿ ಟಿಕೆಟ್‌ಗೆ ಸಾಮಾನ್ಯವಾಗಿ 15 ಕೆ.ಜಿ. ಲಗೇಜು ಉಚಿತ. ಒಂದು ಬ್ಯಾಗಿನ ಉದ್ದ, ಅಗಲ, ಎತ್ತರ ಕೂಡಿದರೆ 158 ಸೆಂ.ಮೀ. ಮೀರಬಾರದು ಎಂಬುದು ಅನೇಕ ವಿಮಾನ ಸಂಸ್ಥೆಗಳ ನಿಯಮ. ರಭಸದ ನದಿಗೆ ಬಳಸುವ ಪ್ಲಾಸ್ಟಿಕ್ ಕಯಾಕ್ ಸುಮಾರು 2.5 ಮೀಟರ್ ಉದ್ದ, 20 ಕೆ.ಜಿ. ತೂಕ ಇರುತ್ತದೆ. ಸ್ಲಾಲಂ ಸ್ಪರ್ಧೆಯ ದೋಣಿ 3.5 ಮೀಟರ್. ಸ್ಪ್ರಿಂಟ್ ಸ್ಪರ್ಧೆಯ ಒಂಟಿ ಕಯಾಕ್ 5.2 ಮೀಟರ್‌ವರೆಗೂ ಇರಬಹುದು. ಅಂದರೆ ಗಟ್ಟಿ ದೋಣಿ ಯಾವುದೂ ಮಾಮೂಲಿ ಲಗೇಜಿನ ಲೆಕ್ಕಕ್ಕೆ ಬರುವುದಿಲ್ಲ.

ಉಳಿದ ದಾರಿ ಎರಡು. ಒಂದು, ಕ್ರೀಡಾ ಸಾಮಗ್ರಿ ಎಂದು ವಿಮಾನ ಸಂಸ್ಥೆಯಿಂದ ಮೊದಲೇ ಒಪ್ಪಿಗೆ ಪಡೆಯುವುದು. ಕೆಲವು ಸಂಸ್ಥೆಗಳು ಇಂತಿಷ್ಟು ಉದ್ದದವರೆಗೆ ಒಪ್ಪುತ್ತವೆ, ಕೆಲವು ಒಪ್ಪುವುದೇ ಇಲ್ಲ. ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲೇ ಉದ್ದ, ಅಗಲ, ತೂಕ ಬರೆದು ಇಮೇಲ್ ಮಾಡಿ. ಬಂದ ಉತ್ತರವನ್ನು ಪ್ರಿಂಟ್ ತೆಗೆದು ಇಟ್ಟುಕೊಳ್ಳಿ. ಫೋನಿನಲ್ಲಿ ಯಾರೋ ‘ಆಗುತ್ತೆ ಸರ್’ ಅಂದದ್ದು ಕೌಂಟರಿನಲ್ಲಿ ನಡೆಯುವುದಿಲ್ಲ. ನಡುವೆ ವಿಮಾನ ಬದಲಿಸುವುದಿದ್ದರೆ ಇನ್ನೊಂದು ವಿಷಯ ಗಮನಿಸಿ: ನಿಮ್ಮ ದಾರಿಯ ಅತಿ ಚಿಕ್ಕ ವಿಮಾನವೇ ಎಲ್ಲವನ್ನೂ ತೀರ್ಮಾನಿಸುತ್ತದೆ. ದೊಡ್ಡ ವಿಮಾನ ಒಪ್ಪಿದ ದೋಣಿ ಎಟಿಆರ್ ವಿಮಾನದ ಪುಟ್ಟ ಸರಕು ಕೋಣೆಗೆ ಹೋಗದೇ ಇರಬಹುದು.

ಎರಡನೆಯ ದಾರಿ ಕಾರ್ಗೊ. ಇಲ್ಲಿ ತೂಕ ಹಗುರ ಎಂದು ಖುಷಿಪಡಬೇಡಿ. ಜಾಗ ತಿನ್ನುವ ಸಾಮಾನಿಗೆ ಗಾತ್ರದ ಮೇಲೆ ದರ. ಸೆಂಟಿಮೀಟರ್‌ನಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ 6000ದಿಂದ ಭಾಗಿಸುವುದು ಸಾಮಾನ್ಯ ಲೆಕ್ಕ. 250, 65, 35 ಸೆಂ.ಮೀ. ದೋಣಿಗೆ ಉತ್ತರ ಸುಮಾರು 95 ಕೆ.ಜಿ.! ಇಪ್ಪತ್ತು ಕೆ.ಜಿ. ದೋಣಿಗೆ ತೊಂಬತ್ತೈದು ಕೆ.ಜಿ.ಯ ಬಾಡಿಗೆ. ಅದೂ ಹೋಗಲು ಒಮ್ಮೆ, ಬರಲು ಒಮ್ಮೆ. ಪ್ರತಿಭೆ ಇದ್ದರೂ ಜೇಬಿನಲ್ಲಿ ಕಾಸಿಲ್ಲದ ಹುಡುಗ ಹುಡುಗಿಯರು ದೂರದ ಸ್ಪರ್ಧೆಗಳಿಗೆ ಹೋಗಲು ಹಿಂಜರಿಯುವುದು ಇಂಥ ಲೆಕ್ಕಗಳಿಂದಲೇ.

ಮಡಚಿದ ದೋಣಿಯ ಜಾಣತನ

ತುಂಗಭದ್ರೆಯ ದಡದಲ್ಲಿ ಹರಿಗೋಲನ್ನು ತಲೆ ಮೇಲೆ ಮಗುಚಿಕೊಂಡು ನಡೆಯುವ ಅಂಬಿಗರನ್ನು ನೋಡಿದ್ದೀರಲ್ಲ? ದೋಣಿ ನಮ್ಮನ್ನು ಹೊರಬೇಕು, ಅಗತ್ಯ ಬಿದ್ದರೆ ನಾವೂ ದೋಣಿಯನ್ನು ಹೊರುವಂತಿರಬೇಕು. ಜರ್ಮನಿಯ ವಾಸ್ತುಶಿಲ್ಪ ವಿದ್ಯಾರ್ಥಿ ಆಲ್ಫ್ರೆಡ್ ಹಾಯ್ರಿಷ್ 1905ರಲ್ಲಿ ಮಡಚುವ ಕಯಾಕ್ ಮಾಡಿದ. ಅದರ ಹಕ್ಕನ್ನು 1907ರಲ್ಲಿ ಕೊಂಡ ಯೋಹಾನ್ ಕ್ಲೆಪರ್ ವೃತ್ತಿಯಲ್ಲಿ ದರ್ಜಿ. ಮರದ ಚೌಕಟ್ಟು, ಬಟ್ಟೆಯ ಹೊದಿಕೆ. ಬಿಚ್ಚಿ ಚೀಲಕ್ಕೆ ತುಂಬಿ ರೈಲು ಹತ್ತಿದರಾಯಿತು.

ಚೀಲದ ದೋಣಿಯೆಂದು ಹಗುರವಾಗಿ ಕಾಣಬೇಡಿ. ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಓಸ್ಕರ್ ಸ್ಪೆಕ್ ಎಂಬ ಜರ್ಮನ್ ಎಲೆಕ್ಟ್ರಿಷಿಯನ್ 1932ರಲ್ಲಿ ಇಂಥ ದೋಣಿಯಲ್ಲೇ ಹೊರಟು, ಭಾರತದ ಕರಾವಳಿಯನ್ನೂ ಹಾದು, 1939ರಲ್ಲಿ ಆಸ್ಟ್ರೇಲಿಯಾದ ನೆಲ ಮುಟ್ಟಿದ. 1956ರಲ್ಲಿ ಹಾನೆಸ್ ಲಿಂಡೆಮನ್ ಮಡಚುವ ಕಯಾಕ್‌ನಲ್ಲಿ 72 ದಿನಗಳಲ್ಲಿ ಅಟ್ಲಾಂಟಿಕ್ ದಾಟಿದ.

ಇಂದು ಗಾಳಿ ತುಂಬುವ ಕಯಾಕ್‌ಗಳಿವೆ. ಅವಕ್ಕಿಂತ ಹಗುರವಾದ ‘ಪ್ಯಾಕ್‌ರಾಫ್ಟ್’ 3 ಕೆ.ಜಿ. ಆಸುಪಾಸಿನಲ್ಲೇ ಸಿಗುತ್ತದೆ, ನಾಲ್ಕು ತುಂಡಾಗುವ ಹುಟ್ಟಿನ ಜೊತೆ ಬೆನ್ನುಚೀಲದಲ್ಲಿ ಕೂರುತ್ತದೆ. ಸ್ಲಾಲಂ ಸ್ಪರ್ಧೆಗೆ ಇದು ನಡೆಯದು. ನದಿ ಸುತ್ತಾಟಕ್ಕೆ, ವಿದ್ಯಾರ್ಥಿಯ ಬಜೆಟ್ಟಿಗೆ ಇದಕ್ಕಿಂತ ಒಳ್ಳೆಯ ಜೊತೆಗಾರ ಇಲ್ಲ.

ಹೊರಡುವ ಮುನ್ನ

* ಗಾಳಿಯ ದೋಣಿಯನ್ನು ಪೂರ್ತಿ ಬರಿದು ಮಾಡಿ. ಮೇಲೆ ಹಾರಿದಾಗ ಒತ್ತಡ ಇಳಿದು ಒಳಗೆ ಉಳಿದ ಗಾಳಿ ಹಿಗ್ಗುತ್ತದೆ.

* ಬ್ಯಾಟರಿ ಪಂಪ್ ಇದ್ದರೆ ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ. ರಿಪೇರಿಗೆಂದು ಒಯ್ಯುವ ಬೆಂಕಿ ಹತ್ತುವ ಅಂಟು, ಸ್ಟವ್‌ನ ಗ್ಯಾಸ್ ಕ್ಯಾನ್ ಎಲ್ಲಿಟ್ಟರೂ ನಿಷಿದ್ಧ. ತಾನೇ ಉಬ್ಬುವ ಲೈಫ್ ಜಾಕೆಟ್‌ನ ಪುಟ್ಟ ಗ್ಯಾಸ್ ಸಿಲಿಂಡರಿಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು.

* ಗಟ್ಟಿ ದೋಣಿಯ ಎರಡೂ ತುದಿಗೆ ದಪ್ಪ ಫೋಮ್ ಕಟ್ಟಿ. ಪೆಟ್ಟು ಬೀಳುವುದು ಅಲ್ಲೇ.

* ತೊಳೆದು ಒಣಗಿಸಿ. ನಮ್ಮ ಕೆರೆಗಳನ್ನು ಮುಚ್ಚಿರುವ, ನೇರಳೆ ಹೂವಿನ ನೀರುಕಳೆ ದಕ್ಷಿಣ ಅಮೆರಿಕದ್ದು. ಒಂದು ನದಿಯ ಕಳೆ ಇನ್ನೊಂದಕ್ಕೆ ದಾಟಲು ಹಸಿ ದೋಣಿಯೊಂದು ಸಾಕು. ನ್ಯೂಜಿಲೆಂಡ್‌ಗೆ ಹೋಗುವವರು ಬಳಸಿದ ಸಾಮಗ್ರಿಯನ್ನು ಘೋಷಿಸಲೇಬೇಕು.

* ತಲುಪಿದ ಕೂಡಲೇ ಬಿಚ್ಚಿ ನೋಡಿ. ಬಿರುಕು ಕಂಡರೆ ಫೋಟೊ ತೆಗೆದು, ನಿಲ್ದಾಣ ಬಿಡುವ ಮೊದಲೇ ದೂರು ಬರೆಸಿ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಹಾನಿಯ ಬಗ್ಗೆ ಲಿಖಿತ ದೂರಿಗೆ ಲಗೇಜು ಕೈಸೇರಿದ ದಿನದಿಂದ 7 ದಿನ ಮಾತ್ರ ಗಡುವು.

ಕೊನೆಗೆ ಒಂದು ಕಾಗದ ತೆಗೆದುಕೊಂಡು ಎರಡು ಮೊತ್ತ ಬರೆಯಿರಿ: ದೋಣಿ ಒಯ್ದು ತರುವ ಖರ್ಚು, ಅಲ್ಲಿನ ಬಾಡಿಗೆ. ಮೂರು ದಿನದ ಮೋಜಿಗೆ ಬಾಡಿಗೆಯೇ ಅಗ್ಗವಾಗಬಹುದು. ತಿಂಗಳ ತರಬೇತಿಗೆ ಲೆಕ್ಕ ತಿರುಗಬಹುದು. ಯಾವುದೇ ಆಗಲಿ, ಉತ್ತರ ಮನೆಯಲ್ಲೇ ಸಿಗಬೇಕು, ಚೆಕ್-ಇನ್ ಸಾಲಿನಲ್ಲಿ ಅಲ್ಲ.