ನಲವತ್ತಮೂರು ಪಟ್ಟು, ಇಪ್ಪತ್ತೈದು ಲಕ್ಷ

ಡಲ್ಲಾಸಿನಲ್ಲಿರುವ ಮಗಳ ಮನೆಯಲ್ಲಿ ಆರು ತಿಂಗಳು ಇದ್ದು ಬಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅಲ್ಲಿ ಊಟಕ್ಕೆ ಕೂತಾಗಲೆಲ್ಲ ಬಂದೂಕಿನದೇ ಜಗಳವಂತೆ. ಮನೆಯಲ್ಲೊಂದು ಪಿಸ್ತೂಲು ಇರಲಿ ಎಂದು ಅಳಿಯ, ಬೇಡವೇ ಬೇಡ ಎಂದು ಮಗಳು. ‘ಅಮೆರಿಕದಲ್ಲಿ ವರ್ಷಕ್ಕೆ 25 ಲಕ್ಷ ಸಲ ಜನ ಬಂದೂಕಿನಿಂದ ತಮ್ಮನ್ನು ಕಾಪಾಡಿಕೊಳ್ಳುತ್ತಾರೆ’ ಎಂದು ಅವನು. ‘ಮನೆಯ ಬಂದೂಕು ಕಳ್ಳನಿಗಿಂತ ಮನೆಯವರ ಜೀವವನ್ನೇ 43 ಪಟ್ಟು ಹೆಚ್ಚು ತೆಗೆಯುತ್ತದೆ’ ಎಂದು ಅವಳು. ಇಬ್ಬರೂ ಓದಿದವರು, ಇಬ್ಬರೂ ವಿಜ್ಞಾನಿಗಳ ಲೆಕ್ಕವೆಂದೇ ಹೇಳುವುದು. ಯಾರದ್ದು ಸರಿ ಎಂಬುದು ಪತ್ರದ ಪ್ರಶ್ನೆ.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಎರಡೂ ಸಂಖ್ಯೆಗಳು ಹೆಸರುವಾಸಿ ಪತ್ರಿಕೆಗಳಲ್ಲಿ ಅಚ್ಚಾದ ಸಂಶೋಧನೆಗಳಿಂದಲೇ ಬಂದವು. ಮೂರು ದಶಕಗಳಿಂದ ಆ ದೇಶದ ಟೀವಿ ಚರ್ಚೆಗಳಲ್ಲಿ, ಚುನಾವಣಾ ಭಾಷಣಗಳಲ್ಲಿ ಸುತ್ತುತ್ತಲೇ ಇವೆ. ಆದರೆ ಪ್ರತಿಯೊಂದೂ ಏನನ್ನು ಎಣಿಸಿತು, ಏನನ್ನು ಬಿಟ್ಟಿತು ಎಂದು ಗಂಟು ಬಿಚ್ಚಿ ನೋಡಿದವರು ಕಡಿಮೆ.

ಮೊದಲು ಅಳಿಯನ ಸಂಖ್ಯೆ. ಫ್ಲೋರಿಡಾದ ಅಪರಾಧಶಾಸ್ತ್ರಜ್ಞರಾದ ಗ್ಯಾರಿ ಕ್ಲೆಕ್ ಮತ್ತು ಮಾರ್ಕ್ ಗರ್ಟ್ಸ್ 1993ರಲ್ಲಿ ಸುಮಾರು 5,000 ಜನರಿಗೆ ಫೋನು ಮಾಡಿಸಿದರು. ಆತ್ಮರಕ್ಷಣೆಗೆ ಬಂದೂಕು ಬಳಸಿದ್ದುಂಟೇ ಎಂದು ಕೇಳಿಸಿದರು. ಕಳೆದ ಒಂದು ವರ್ಷದಲ್ಲಿ ಬಳಸಿದ್ದೇವೆ ಎಂದವರು ನೂರಕ್ಕೆ 1.3 ಮಂದಿ. ಆಗ ಅಮೆರಿಕದಲ್ಲಿದ್ದ ವಯಸ್ಕರು 19 ಕೋಟಿ. ಗುಣಿಸಿದರು, 25 ಲಕ್ಷ ಬಂತು. 1995ರಲ್ಲಿ ಪ್ರಕಟಿಸಿದರು.

ಇದರಲ್ಲಿ ತಪ್ಪೇನಿದೆ? ಸ್ವಲ್ಪ ಹೊತ್ತು ಅಕ್ಕಿ ಆರಿಸೋಣ.

ಮೊರದಲ್ಲಿ ಸಾವಿರ ಕಾಳು ಇದೆ, ಅದರಲ್ಲಿ ಒಂದೇ ಒಂದು ಕಲ್ಲು ಎಂದುಕೊಳ್ಳಿ. ಆರಿಸುತ್ತಿರುವ ಅಜ್ಜಿಗೆ ಕಣ್ಣು ಸ್ವಲ್ಪ ಮಂಜು. ಹಾಗೆಂದು ಬಹಳವೇನೂ ತಪ್ಪುವುದಿಲ್ಲ, ನೂರಕ್ಕೆ ಒಂದು ಸಲ ಮಾತ್ರ. ನೂರಕ್ಕೆ ತೊಂಬತ್ತೊಂಬತ್ತು ಅಂಕ ಪಡೆದ ಕಣ್ಣು! ಆದರೂ ಆರಿಸಿ ಮುಗಿಸಿದಾಗ ನೋಡಿ: 999 ಅಕ್ಕಿಕಾಳುಗಳಲ್ಲಿ ಸುಮಾರು ಹತ್ತು ಕಾಳು ಕಲ್ಲೆಂದು ಹೊರಗೆ ಬಿದ್ದಿರುತ್ತವೆ. ನಿಜವಾದ ಕಲ್ಲೂ ಸೇರಿ ಹನ್ನೊಂದು. ಹೊರಬಿದ್ದದ್ದನ್ನು ಎಣಿಸಿ ‘ಈ ಅಕ್ಕಿಯಲ್ಲಿ ಹನ್ನೊಂದು ಕಲ್ಲಿದ್ದವು’ ಎಂದು ಅಂಗಡಿಯವನ ಹತ್ತಿರ ಜಗಳಕ್ಕೆ ಹೋದರೆ, ಒಂದಿದ್ದದ್ದನ್ನು ಹನ್ನೊಂದು ಮಾಡಿಕೊಂಡು ಹೋದ ಹಾಗೆ.

ಅದೇ ಅಜ್ಜಿಯ ಮುಂದೆ ಅರ್ಧ ಅಕ್ಕಿ, ಅರ್ಧ ಕಲ್ಲು ಸುರಿಯಿರಿ. ಐದು ಅಕ್ಕಿಯನ್ನು ಕಲ್ಲೆನ್ನುತ್ತಾಳೆ, ಐದು ಕಲ್ಲನ್ನು ಅಕ್ಕಿಯೆನ್ನುತ್ತಾಳೆ. ತಪ್ಪಿಗೆ ತಪ್ಪು ವಜಾ ಆಗಿ ಲೆಕ್ಕ ಸರಿಹೋಗುತ್ತದೆ. ಕಣ್ಣು ಅದೇ, ಬದಲಾದದ್ದು ಮೊರದಲ್ಲಿರುವುದು ಮಾತ್ರ. ಎಣಿಸುವ ಸಂಗತಿ ವಿರಳವಾದಷ್ಟೂ ತಪ್ಪು ಒಂದೇ ಕಡೆಗೆ ವಾಲುತ್ತದೆ, ಮೇಲಕ್ಕೆ.

ಬಂದೂಕಿನಿಂದ ಆತ್ಮರಕ್ಷಣೆ ಅಂಥ ವಿರಳ ಸಂಗತಿ. ನೂರರಲ್ಲಿ ಒಬ್ಬರೇ ಒಬ್ಬರು ತಪ್ಪಾಗಿ ‘ಹೌದು’ ಎಂದರೂ ಸಾಕು, ಏನೂ ಇಲ್ಲದ ಕಡೆ 19 ಲಕ್ಷ ಹುಟ್ಟಿಕೊಳ್ಳುತ್ತದೆ. ಹಾಗೆನ್ನುವವರು ಸುಳ್ಳುಗಾರರೇ ಆಗಬೇಕೆಂದಿಲ್ಲ. ಮೂರು ವರ್ಷದ ಹಿಂದಿನದು ಹೋದ ವರ್ಷದ್ದೆಂದು ನೆನಪಾಗಬಹುದು. ರಾತ್ರಿ ಹಿತ್ತಿಲಲ್ಲಿ ಸದ್ದಾಗಿ, ಬಂದೂಕು ಹಿಡಿದು ಕಿಟಕಿ ತೆರೆದಾಗ ಓಡಿದ್ದು ಬೆಕ್ಕೂ ಇದ್ದೀತು.

ಈ ಸೂಕ್ಷ್ಮವನ್ನು 1997ರಲ್ಲಿ ಎತ್ತಿ ತೋರಿಸಿದವರು ಹಾರ್ವರ್ಡ್‌ನ ಡೇವಿಡ್ ಹೆಮೆನ್‌ವೇ. ಅವರು ಕೊಟ್ಟ ಉದಾಹರಣೆ ಇನ್ನೂ ಮಜವಾಗಿದೆ. 1994ರಲ್ಲಿ ಎಬಿಸಿ ನ್ಯೂಸ್ ಮತ್ತು ವಾಷಿಂಗ್ಟನ್ ಪೋಸ್ಟ್ 1,500 ಜನರ ಸಮೀಕ್ಷೆ ನಡೆಸಿದ್ದವು. ಅನ್ಯಗ್ರಹದ ನೌಕೆ ಕಂಡಿದ್ದೇವೆ ಎಂದವರು ನೂರಕ್ಕೆ ಹತ್ತು. ಹಾಗೆ ಕಂಡವರಲ್ಲಿ ಅನ್ಯಗ್ರಹದವರ ಸಂಪರ್ಕವೂ ಆಗಿತ್ತೆಂದವರು ನೂರಕ್ಕೆ ಆರು. ಇದನ್ನೂ ಹಾಗೇ ಗುಣಿಸಿದರೆ, ಹತ್ತು ಲಕ್ಷಕ್ಕೂ ಮಿಕ್ಕಿ ಅಮೆರಿಕನ್ನರಿಗೆ ಬೇರೆ ಗ್ರಹದವರ ಪರಿಚಯವಿದೆ ಎಂದಾಗುತ್ತದೆ.

ಹೆಮೆನ್‌ವೇ ತಮಾಷೆಗೇ ನಿಲ್ಲಲಿಲ್ಲ, ತಾಳೆಯನ್ನೂ ನೋಡಿದರು. ಕ್ಲೆಕ್ ಲೆಕ್ಕದಂತೆ, ಮನೆಗೆ ಕಳ್ಳ ನುಗ್ಗಿದಾಗಲೇ ವರ್ಷಕ್ಕೆ 8 ಲಕ್ಷ 45 ಸಾವಿರ ಸಲ ಬಂದೂಕು ಬಳಕೆಯಾಗಿರಬೇಕು. ಆದರೆ ಆ ವರ್ಷ ಮನೆಯಲ್ಲಿ ಜನ ಇದ್ದರೆಂದು ಖಚಿತವಾಗಿದ್ದ ಕನ್ನಗಳವುಗಳು ಸುಮಾರು 13 ಲಕ್ಷ. ಬಂದೂಕು ಇದ್ದದ್ದು ನೂರಕ್ಕೆ 42 ಮನೆಗಳಲ್ಲಿ. ಹಾಗಾದರೆ ಕಳ್ಳ ಬಂದಾಗ ಜನವೂ ಬಂದೂಕೂ ಇದ್ದ ಮನೆಗಳು ಐದೂವರೆ ಲಕ್ಷದಷ್ಟು. ಅವರಲ್ಲೂ ಹೆಚ್ಚಿನವರು ಆಗ ನಿದ್ದೆಯಲ್ಲಿದ್ದರು.

ಕ್ಲೆಕ್ ಒಪ್ಪಲಿಲ್ಲ. ಲೈಸೆನ್ಸಿಲ್ಲದೆ ಬಂದೂಕು ಒಯ್ದವರು ಬಾಯಿ ಬಿಡುವುದಿಲ್ಲ, ಆದ್ದರಿಂದ ನಿಜ ಸಂಖ್ಯೆ ಇನ್ನೂ ದೊಡ್ಡದಿರಬಹುದು ಎಂದು ವಾದಿಸಿದರು. ಸರ್ಕಾರವೇ ನಡೆಸುವ ಅಪರಾಧ ಸಮೀಕ್ಷೆಯಲ್ಲಿ ಈ ಸಂಖ್ಯೆ ಲಕ್ಷದ ಆಸುಪಾಸಿನಲ್ಲೇ ಇತ್ತು. ಆದರೆ ಆ ಸಮೀಕ್ಷೆ ತಮ್ಮ ಮೇಲೆ ಅಪರಾಧ ನಡೆಯಿತು ಎಂದವರನ್ನು ಮಾತ್ರ ಮುಂದಿನ ಪ್ರಶ್ನೆ ಕೇಳುತ್ತದೆ. ಅಲ್ಲಿ ಕೆಲವು ಕಲ್ಲು ಮೊರಕ್ಕೇ ಬೀಳದೆ ಹೋಗಬಹುದು.

ಇನ್ನು ಮಗಳ 43. ವೈದ್ಯರಾದ ಆರ್ಥರ್ ಕೆಲ್ಲರ್‌ಮನ್ ಮತ್ತು ಡೊನಾಲ್ಡ್ ರೇ 1986ರಲ್ಲಿ ಪ್ರಕಟಿಸಿದ್ದು. ಸಿಯಾಟಲ್ ನಗರವಿರುವ ಕಿಂಗ್ ಕೌಂಟಿಯಲ್ಲಿ 1978ರಿಂದ 1983ರವರೆಗೆ, ಬಂದೂಕು ಇಟ್ಟಿದ್ದ ಮನೆಯೊಳಗೇ ಗುಂಡಿಗೆ ಸತ್ತವರು 398 ಮಂದಿ. ಆತ್ಮರಕ್ಷಣೆಗಾಗಿ ಕೊಂದದ್ದು 9. ಅಪಘಾತ 12, ಕೊಲೆ 41, ಆತ್ಮಹತ್ಯೆ 333. ಕೊನೆಯ ಮೂರನ್ನು ಕೂಡಿಸಿ ಒಂಬತ್ತರಿಂದ ಭಾಗಿಸಿದರೆ 43 ಸಿಗುತ್ತದೆ.

ಇಲ್ಲಿ ಎಣಿಸಿದ್ದು ಹೆಣಗಳನ್ನು ಮಾತ್ರ. ಬಂದೂಕು ತೋರಿಸಿದ್ದಕ್ಕೇ ಕಳ್ಳ ಓಡಿಹೋಗಿದ್ದರೆ ಅದು ಯಾವ ಕಾಲಮ್ಮಿಗೂ ಬರುವುದಿಲ್ಲ. ಪೊಲೀಸರ ಕೆಲಸವನ್ನು ಅವರ ಗುಂಡಿಗೆ ಸತ್ತವರಿಂದಷ್ಟೇ ಅಳೆದ ಹಾಗೆ. ಇದನ್ನು ಲೇಖಕರೇ ತಮ್ಮ ಪ್ರಬಂಧದಲ್ಲಿ ಒಪ್ಪಿದ್ದರು. ಆ ವಾಕ್ಯ ಅಲ್ಲೇ ಉಳಿಯಿತು, 43 ಮಾತ್ರ ಊರೂರು ತಿರುಗಿತು.

ಇಷ್ಟು ಹಳೆಯ ಸಂಖ್ಯೆಗಳು ಇನ್ನೂ ಏಕೆ ಓಡಾಡುತ್ತಿವೆ? ಹೊಸದಾಗಿ ಎಣಿಸುವ ಕೆಲಸಕ್ಕೇ ಅಡ್ಡಿಯಾದದ್ದು ಒಂದು ಕಾರಣ. 1996ರಲ್ಲಿ ಸಂಸದ ಜೇ ಡಿಕಿ, ರೋಗ ನಿಯಂತ್ರಣ ಕೇಂದ್ರದ ಹಣ ಬಂದೂಕು ನಿಯಂತ್ರಣದ ಪ್ರಚಾರಕ್ಕೆ ಹೋಗಬಾರದು ಎಂಬ ಸಾಲನ್ನು ಬಜೆಟ್ಟಿಗೆ ಸೇರಿಸಿದರು. ಬಂದೂಕು ಸಂಶೋಧನೆಗೆ ಆ ಕೇಂದ್ರ ಖರ್ಚು ಮಾಡಿದ್ದಷ್ಟೇ ಮೊತ್ತ, 26 ಲಕ್ಷ ಡಾಲರ್, ಕಡಿತವೂ ಆಯಿತು. ಸಂಶೋಧನೆಗೆ ನಿಷೇಧವೇನೂ ಇರಲಿಲ್ಲ. ಆದರೂ ಅಧಿಕಾರಿಗಳು ಆ ವಿಷಯದ ತಂಟೆಗೇ ಹೋಗಲಿಲ್ಲ. 2012ರಲ್ಲಿ ಡಿಕಿ ಅವರೇ ಮನಸ್ಸು ಬದಲಿಸಿ ಸಂಶೋಧನೆ ನಡೆಯಬೇಕೆಂದು ಬರೆದರು. ಪ್ರತ್ಯೇಕ ಹಣ ಮತ್ತೆ ಮಂಜೂರಾದದ್ದು 2019ರ ಕೊನೆಗೆ.

ಪತ್ರ ಬರೆದವರಿಗೆ ನನ್ನ ಸಲಹೆ ಇಷ್ಟು. ಮುಂದಿನ ವಿಡಿಯೋ ಕಾಲಿನಲ್ಲಿ ಅಳಿಯನನ್ನು ಕೇಳಿ: ಐದೂವರೆ ಲಕ್ಷ ಮನೆಗಳಲ್ಲಿ ಎಂಟೂವರೆ ಲಕ್ಷ ಸಲ ಬಂದೂಕು ಎತ್ತುವುದು ಹೇಗಪ್ಪಾ? ಮಗಳನ್ನೂ ಕೇಳಿ: ಆ ನಲವತ್ತಮೂರರಲ್ಲಿ ಎಷ್ಟು ಕೊಲೆ? ಅವಳು ಭಾಗಾಕಾರ ಮಾಡಿ ನೋಡಲಿ. ಕೊಲೆ ಐದಕ್ಕಿಂತ ಕಡಿಮೆ, ಆತ್ಮಹತ್ಯೆ ಮೂವತ್ತೇಳು. ದೇಶದ ಲೆಕ್ಕವೂ ಅದೇ ಕಡೆ ಕೈ ತೋರಿಸುತ್ತದೆ: 2021ರಲ್ಲಿ ಅಮೆರಿಕದಲ್ಲಿ ಗುಂಡಿಗೆ ಸತ್ತ 48,830 ಜನರಲ್ಲಿ 26,328 ಮಂದಿಯದು ಆತ್ಮಹತ್ಯೆ. ಆ ಮನೆಯಲ್ಲಿ ಕಳ್ಳನ ವಿಚಾರವಾಗಿ ಜಗಳ ಬಹಳ ನಡೆದಿದೆ. ಮನೆಯವರಲ್ಲೇ ಯಾರಿಗಾದರೂ ಬದುಕು ಸಾಕೆನಿಸಿದ ರಾತ್ರಿ ಆ ಪಿಸ್ತೂಲು ಎಲ್ಲಿರುತ್ತದೆ, ಬೀಗದ ಕೈ ಯಾರ ಬಳಿ ಇರುತ್ತದೆ ಎಂಬ ಮಾತು ಒಮ್ಮೆಯೂ ಬಂದಂತಿಲ್ಲ.